ನೆಲಮಾಳಿಗೆಯ ಧರ್ಮಕೇಂದ್ರವೂ ಮೇಲಣ ಗೋಪುರಗಳೂ

ಬಾರ್ಸೆಲೋನಾ ಪಟ್ಟಣದ ಸಗ್ರಾದಾ ಫಮೀಲಿಯಾ, ಎಂದರೆ ಪವಿತ್ರ ಕುಟುಂಬದ ದೇವಾಲಯ, 2025ರ ಅಕ್ಟೋಬರ್ 30ರಂದು ಲೋಕದ ಕ್ರೈಸ್ತ ದೇವಾಲಯಗಳಲ್ಲೆಲ್ಲ ಅತ್ಯುನ್ನತವಾದುದೆನಿಸಿತು. ನಡುವಣ ಯೇಸುಕ್ರಿಸ್ತ ಗೋಪುರದ ನೆತ್ತಿಯಲ್ಲಿ ನಿಲ್ಲಬೇಕಾದ ಶಿಲುಬೆಯ ಮೊದಲ ಖಂಡವನ್ನು ಕ್ರೇನಿನಿಂದ ಎತ್ತಿ ಕೂರಿಸಿದಾಗ ಕಟ್ಟಡದ ಎತ್ತರ 162.91 ಮೀಟರನ್ನು ಮುಟ್ಟಿ, 1890ರಿಂದ ಆ ಹಿರಿಮೆಯನ್ನು ಹೊತ್ತು ನಿಂತಿದ್ದ ಜರ್ಮನಿಯ ಉಲ್ಮ್ ನಗರದ ದೇವಾಲಯವನ್ನು, ಒಬ್ಬ ಆಳಿನ ನಿಲುವಿಗೂ ಕಡಮೆಯಾದ ಅಂತರದಿಂದ, ಹಿಂದಿಕ್ಕಿತು. 1882ರಲ್ಲಿ ಅಸ್ತಿಭಾರವನ್ನು ಕಂಡ ಕಟ್ಟಡವೊಂದು ಇಷ್ಟು ಕಾಲದ ಮೇಲೆ ಇನ್ನೂ ಬೆಳೆಯುತ್ತಿದೆಯೆಂಬುದು ಕೇಳಿದವರಿಗೆ ಆಶ್ಚರ್ಯವನ್ನು ತರತಕ್ಕ ಸಂಗತಿಯೇ ಸರಿ. ಆದರೆ ಎತ್ತರದ ಲೆಕ್ಕದಲ್ಲಿ ಮರೆಯಾಗಿ ಹೋಗುವ ಬೇರೊಂದು ಸಂಗತಿ ಇದರಲ್ಲಿದೆ. ನನ್ನ ಮನಸ್ಸು ಹೆಚ್ಚಾಗಿ ಅದರ ಕಡೆಗೇ ಎಳೆಯುತ್ತದೆ.

ಆ ಕ್ರೇನಿನ ಕೆಳಗೆ, ದೇವಾಲಯದ ಗರ್ಭಭಾಗಕ್ಕೆ ಸರಿಯಾಗಿ, ನೆಲದ ಮಟ್ಟದಿಂದ ತಗ್ಗಿನಲ್ಲಿ ಒಂದು ನೆಲಮಾಳಿಗೆಯಿದೆ. ನಮ್ಮ ನಾಡಿನ ಕಥೋಲಿಕರು ಧರ್ಮಕೇಂದ್ರವೆಂದು ಕರೆಯುವ, ಒಂದು ಊರಿನ ಅಥವಾ ಒಂದು ಕೇರಿಯ ಭಕ್ತಜನರೂ ಅವರ ಗುರುಗಳೂ ಸೇರಿದ ಕಿರುಸಮಾಜವು ಬಾರ್ಸೆಲೋನಾದ ಆ ಬಡಾವಣೆಯಲ್ಲಿ ತನ್ನ ಬಲಿಪೂಜೆಯನ್ನು ನಡಸಿಕೊಂಡು ಬಂದಿರುವುದು ಈ ನೆಲಮಾಳಿಗೆಯಲ್ಲಿ. ಮೇಲೆ ಉಳಿಯ ಸದ್ದು, ಕಲ್ಲಿನ ಧೂಳು, ದೇಶದೇಶಗಳಿಂದ ಬಂದ ನೋಡುಗರ ಸಾಲು. ಕೆಳಗೆ ಮಗುವಿನ ಜ್ಞಾನಸ್ನಾನ, ಮುದುಕಿಯ ಜಪಸರ, ಸತ್ತವರಿಗಾಗಿ ಒಂದು ಪೂಜೆ. ಸಂತ ಜೋಸೆಫರ ಹೆಸರಿನ ಪೂಜಾಗೃಹ ಈ ಮಾಳಿಗೆಯೊಳಗೆ ತೆರೆದುದು 1885ರಲ್ಲಿ. ಮೇಲಿನ ಮಹಾಮಂಟಪ ಪ್ರತಿಷ್ಠೆಯನ್ನು ಕಂಡುದು 2010ರಲ್ಲಿ. ನಡುವೆ ಕಳೆದ ನೂರ ಇಪ್ಪತ್ತೈದು ವರ್ಷಗಳ ಕಾಲ ತಲೆಯ ಮೇಲೆ ಕಟ್ಟಡ ಏಳುತ್ತಲೇ ಇದ್ದ ಒಂದು ಜಾಗದಲ್ಲಿ ಜನ ಮೊಣಕಾಲೂರಿದರು. ನೂತನ ದೇವಾಲಯದ ನಿರ್ಮಾಣ ಎಷ್ಟು ಮುಂದುವರಿದಿದೆಯೆಂದು ಕೇಳುವವನು ಈ ಕೆಳಗಿನ ಜನರನ್ನು ಒಮ್ಮೆ ನೆನೆದು ಆಮೇಲೆ ಗೋಪುರವನ್ನು ಅಳೆಯುವುದು ಮೇಲೆಂದು ನನಗೆ ತೋರುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಬಿಡಬೇಕು. ಸಗ್ರಾದಾ ಫಮೀಲಿಯಾ ಬಾರ್ಸೆಲೋನಾದ ಪ್ರಧಾನಾಲಯವಲ್ಲ. ಧರ್ಮಾಧ್ಯಕ್ಷರ ಪೀಠವಿರುವ ಪ್ರಧಾನಾಲಯ ಅಲ್ಲಿನ ಹಳೆಯ ಪಟ್ಟಣದಲ್ಲಿ, ಪವಿತ್ರ ಶಿಲುಬೆಗೂ ಸಂತ ಎಉಲಾಲಿಯಾಳಿಗೂ ಸಮರ್ಪಿತವಾಗಿ, ಶತಮಾನಗಳಿಂದ ಇದೆ. ಸಗ್ರಾದಾ ಫಮೀಲಿಯಾವನ್ನು ಕಟ್ಟಲು ಹೊರಟವರು ಅದನ್ನು ಪ್ರಾಯಶ್ಚಿತ್ತ ದೇವಾಲಯವೆಂದು ಕರೆದರು. ಎಂದರೆ ಜನರು ತಮ್ಮ ಪಾಪಪರಿಹಾರಾರ್ಥವಾಗಿ ಕೊಟ್ಟ ಕಾಣಿಕೆಯಿಂದಲೇ ಅದು ಏಳತಕ್ಕದ್ದು. ರಾಜನ ಬೊಕ್ಕಸದಿಂದಾಗಲಿ, ಸರ್ಕಾರದ ಅನುದಾನದಿಂದಾಗಲಿ ಅಲ್ಲ. ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ಅಸ್ತಿಭಾರವನ್ನಿಟ್ಟು ಆಶ್ರಯವಿತ್ತದ್ದನ್ನು ಬಲ್ಲ ನಮಗೆ ದೊಡ್ಡ ದೇವಾಲಯದ ಹಿಂದೆ ದೊರೆಯ ಕೈಯನ್ನು ನೋಡುವುದು ರೂಢಿ. ಇಲ್ಲಿ ದೊರೆಯಿಲ್ಲ. ಈ ಒಂದು ನಿಯಮದಿಂದಲೇ ಕಟ್ಟಡದ ನಿಧಾನವೂ, ಅದರ ಸೊಗಸೂ, ಇಂದು ಅದು ಸಿಕ್ಕಿಕೊಂಡಿರುವ ತೊಡಕೂ ಹುಟ್ಟಿವೆ.

ಸಂಕಲ್ಪ ಮಾಡಿದವನು ಪುಸ್ತಕ ವ್ಯಾಪಾರಿ. ಜೋಸೆಪ್ ಮರಿಯಾ ಬೊಕಾಬೆಲ್ಯಾ ಎಂಬ ಆತ 1866ರಲ್ಲಿ ಸಂತ ಜೋಸೆಫರ ಭಕ್ತರ ಸಂಘವೊಂದನ್ನು ಸ್ಥಾಪಿಸಿ, ಒಂದು ಭಕ್ತಿಪತ್ರಿಕೆಯನ್ನು ಹೊರಡಿಸಿ, ಅದರ ಓದುಗರಿಂದ ಕಾಸು ಕಾಸಾಗಿ ಹಣ ಕೂಡಿಸಿದನು. ಯಂತ್ರಶಾಲೆಗಳು ಹೆಚ್ಚಿ, ಹಳ್ಳಿಗಳಿಂದ ಬಂದ ಕೂಲಿಯ ಜನ ಇಕ್ಕಟ್ಟಾದ ಕೇರಿಗಳಲ್ಲಿ ತುಂಬಿ, ಸಂಸಾರವೆಂಬುದೇ ಚೆದರಿಹೋಗುತ್ತಿದ್ದ ಕಾಲ ಅದು. ಬಡಗಿಯ ಮನೆಯೊಂದನ್ನು, ತಂದೆ ತಾಯಿ ಮಗುವಿನ ಒಂದು ಬಡ ಸಂಸಾರವನ್ನು, ದೇವಾಲಯದ ಆದರ್ಶವಾಗಿ ಎತ್ತಿ ಹಿಡಿಯುವ ಆಸೆ ಆ ಪರಿಸ್ಥಿತಿಯಲ್ಲಿ ಸಹಜವಾಗಿ ಮೂಡಿತು. ಕೂಡಿದ ಹಣಕ್ಕೆ ಪಟ್ಟಣದ ನಡುವೆ ನಿವೇಶನ ದೊರೆಯಲಿಲ್ಲ. ಆಗಿನ್ನೂ ಹೊಲಗದ್ದೆಗಳಿದ್ದ ಸಾಂತ್ ಮಾರ್ತಿ ಎಂಬ ನೆರೆಯ ಊರಿನ ಎಲ್ಲೆಯಲ್ಲಿ, ಹೊಸ ಬಡಾವಣೆಯ ನಕ್ಷೆಯ ಒಂದು ಚೌಕವನ್ನು 1881ರಲ್ಲಿ ಕೊಂಡು, ಮರುವರ್ಷ ಮಾರ್ಚ್ 19ರ ಸಂತ ಜೋಸೆಫರ ಹಬ್ಬದಂದು ಅಸ್ತಿಭಾರವನ್ನಿಟ್ಟರು. ಪವಿತ್ರ ಕುಟುಂಬದ ದೇವಾಲಯ ಪಟ್ಟಣದ ಹೊರಗೆ ಹುಟ್ಟಿ, ಪಟ್ಟಣವೇ ಆಮೇಲೆ ಬಂದು ಅದನ್ನು ಸುತ್ತುವರಿಯಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಮೊದಲ ಶಿಲ್ಪಿ ಫ್ರಾಂಸಿಸ್ಕೋ ದೆ ಪೌಲಾ ದೆಲ್ ವಿಲ್ಯಾರ್ ಆಗಿನ ವಾಡಿಕೆಯ ಗಾಥಿಕ್ ಶೈಲಿಯಲ್ಲಿ ನಕ್ಷೆ ತೆಗೆದು ನೆಲಮಾಳಿಗೆಯನ್ನು ಆರಂಭಿಸಿದನು. ಕಂಬಗಳ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ಬಿಟ್ಟುಹೋದನು. 1883ರಲ್ಲಿ ಆ ಸ್ಥಾನಕ್ಕೆ ಬಂದ ಅಂತೋನಿ ಗೌದಿಗೆ ಆಗ ಮೂವತ್ತೊಂದು ವಯಸ್ಸು. ಇನ್ನೊಬ್ಬನು ಅರ್ಧ ಎಬ್ಬಿಸಿದ ಮಾಳಿಗೆಯನ್ನು ಕೆಡವದೆ, ಅದರ ಕಮಾನುಗಳನ್ನು ಮೇಲೆತ್ತಿ, ಸುತ್ತಲೂ ಒಂದು ಅಗಳನ್ನು ತೋಡಿಸಿ ಗಾಳಿಯೂ ಬೆಳಕೂ ಒಳಕ್ಕೆ ಬರುವಂತೆ ಮಾಡಿದನು. ನೆಲದಡಿಯಲ್ಲಿ ಪೂಜೆಗೆ ಕೂರುವವರಿಗೆ ಉಸಿರು ಕಟ್ಟಬಾರದೆಂಬ ಈ ಒಂದು ಚಿಂತೆಯನ್ನು ನಾನು ಗೌದಿಯ ಗೋಪುರಗಳಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಮಾಳಿಗೆ 1889ರಲ್ಲಿ ಮುಗಿಯಿತು. ಅದಾದ ಮೇಲೆ ಹೆಸರು ಹೇಳಲೊಲ್ಲದ ದಾನಿಯೊಬ್ಬರ ದೊಡ್ಡ ಕೊಡುಗೆ ಬಂದುದರಿಂದ, ಮೊದಲಿದ್ದ ಅಳತೆಯನ್ನು ಮೀರಿದ ಕಲ್ಪನೆಯೊಂದು ಗೌದಿಯ ಮನಸ್ಸಿನಲ್ಲಿ ಬೆಳೆದು, ಪೂರ್ವದ ಕಡೆಯ ಕ್ರಿಸ್ತಜಯಂತಿಯ ಮುಖಭಾಗದ ಕೆಲಸ ಮೊದಲಾಯಿತು.

ಎಲ್ಲ ಗೋಡೆಗಳನ್ನೂ ಒಂದೇ ಸಮನಾಗಿ ಏಳಿಸುತ್ತ ಬರುವ ಬದಲು ಒಂದು ಮುಖಭಾಗವನ್ನೇ ಪೂರ್ಣವಾಗಿ ಮುಗಿಸಬೇಕೆಂದು ಆತ ಆಯ್ದುಕೊಂಡುದಕ್ಕೆ ಕಾರಣವಿತ್ತು. ಸುತ್ತಲೂ ಸೊಂಟದೆತ್ತರ ನಿಂತ ಗೋಡೆಗಳನ್ನು ಮುಂದಿನ ತಲೆಮಾರು ಸುಲಭವಾಗಿ ಬಿಟ್ಟುಬಿಡಬಹುದು, ಇಲ್ಲವೆ ಅಗ್ಗದಲ್ಲಿ ಮುಗಿಸಿಬಿಡಬಹುದು. ನೆತ್ತಿಯವರೆಗೂ ನಿಂತ ಒಂದು ಮುಖವಾದರೋ ಉಳಿದವು ಹೇಗಿರಬೇಕೆಂಬುದನ್ನು ತಾನೇ ಸಾರಿ ಹೇಳುತ್ತದೆ. ತನ್ನ ಆಯುಸ್ಸಿನಲ್ಲಿ ಇದು ಮುಗಿಯುವ ಮಾತಲ್ಲವೆಂದು ತಿಳಿದವನ ಯುಕ್ತಿ ಅದು. ಗೌದಿ ಬದುಕಿರುವಾಗ ಪೂರ್ತಿಯಾಗಿ ಕಂಡ ಗೋಪುರ ಒಂದೇ: ಪ್ರೇಷಿತ ಬಾರ್ನಬನ ಹೆಸರಿನದು, 1925ರ ನವೆಂಬರ್ 30ರಂದು ಮುಗಿದುದು.

ಹಣದ ವಿಚಾರ ಅಷ್ಟು ಸುಗಮವಾಗಿ ಸಾಗಲಿಲ್ಲ. ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಹೊಸ ಕಟ್ಟಡ ಏಳುವಾಗ ಭಾನುವಾರದ ಪೂಜೆಯಾದ ಮೇಲೆ ಅಂಗಳದಲ್ಲಿ ಬಾಳೆಗೊನೆ, ಹಲಸಿನ ಹಣ್ಣು, ಮನೆಯ ಹಿತ್ತಿಲ ಸುವರ್ಣಗಡ್ಡೆ ಇವನ್ನೆಲ್ಲ ಏಲಂ ಕೂಗುವುದನ್ನು ಕಂಡವರಿಗೆ ಕಾಣಿಕೆಯಿಂದ ಕಟ್ಟುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ: ಒಂದು ವಾರ ಸಿಮೆಂಟಿಗಾಗುತ್ತದೆ, ಇನ್ನೊಂದು ವಾರ ಆಳಿನ ಕೂಲಿಗೂ ಆಗುವುದಿಲ್ಲ. ಬಾರ್ಸೆಲೋನಾದಲ್ಲಿಯೂ ಕಾಣಿಕೆ ಬತ್ತಿದಾಗ ಕೆಲಸ ನಿಲ್ಲುವಷ್ಟಾಗುತ್ತಿತ್ತು. 1914ರಿಂದ ಮೊದಲ್ಗೊಂಡು ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಇದೊಂದಕ್ಕೇ ತನ್ನನ್ನು ತೆತ್ತುಕೊಂಡ ಗೌದಿ, ಸಿರಿವಂತರ ಮನೆಗಳನ್ನು ಕಟ್ಟಿ ಹೆಸರು ಮಾಡಿದ್ದ ಶಿಲ್ಪಿ, ತಾನೇ ಮನೆಮನೆಯ ಬಾಗಿಲಿಗೆ ಹೋಗಿ ದೇವಾಲಯಕ್ಕಾಗಿ ಬೇಡಿದನು. ಹಣ ಇಷ್ಟು ಬಿಗಿಯಾಗಿದ್ದ ಕಾಲದಲ್ಲಿಯೇ, 1909ರಲ್ಲಿ, ನಿವೇಶನದ ಒಂದು ಮೂಲೆಯಲ್ಲಿ ಕಟ್ಟಡದ ಕೆಲಸಗಾರರ ಮಕ್ಕಳಿಗೂ ನೆರೆಯ ಬಡಮಕ್ಕಳಿಗೂ ಒಂದು ಶಾಲೆಯನ್ನು ಕಟ್ಟಿಸಿದನು. ತೆಳುವಾದ ಇಟ್ಟಿಗೆಯ ಗೋಡೆ, ಅಲೆಯಂತೆ ಏರಿಳಿಯುವ ಸೂರು. ಆ ಏರಿಳಿತದಿಂದಲೇ ಅಷ್ಟು ತೆಳು ಇಟ್ಟಿಗೆಗೆ ಬಲ ಬಂದಿದೆ. 1928ರಲ್ಲಿ ಬಂದ ಲ ಕಾರ್ಬ್ಯೂಸಿಯೇ ಎಂಬ ಪ್ರಸಿದ್ಧ ಶಿಲ್ಪಿ ಈ ಶಾಲೆಯ ಮುಂದೆ ನಿಂತು ಅದರ ಸೂರಿನ ಚಿತ್ರವನ್ನು ಬರೆದುಕೊಂಡನು. ಶಾಲೆಯಿದ್ದ ಆ ಜಾಗ ಮುಂದೆ ದೇವಾಲಯದ ಪ್ರಧಾನ ದ್ವಾರಕ್ಕೆ ಸಲ್ಲಬೇಕಾದ ಜಾಗ. ಅದು ಗೊತ್ತಿದ್ದೂ, ಬಾಗಿಲು ಬರುವವರೆಗೆ ಆ ನೆಲ ಮಕ್ಕಳಿಗಿರಲೆಂದು ಆತ ಕೊಟ್ಟನು.

ಈ ಕಟ್ಟಡ ಎಂತು ನಿಂತಿದೆಯೆಂಬುದನ್ನು ಸ್ವಲ್ಪ ಬಿಡಿಸಿ ಹೇಳಿದರೆ ನಿಧಾನದ ಅರ್ಧ ಕಾರಣ ತಿಳಿಯುತ್ತದೆ. ಹಳೆಯ ಗಾಥಿಕ್ ದೇವಾಲಯಗಳಲ್ಲಿ ಎತ್ತರದ ಕಮಾನು ಗೋಡೆಯನ್ನು ಹೊರಕ್ಕೆ ತಳ್ಳುವುದರಿಂದ, ಅದು ಬೀಳದಂತೆ ಹೊರಗಿನಿಂದ ಕಲ್ಲಿನ ಊರೆಗಳನ್ನು ಕೊಡಬೇಕಾಗುತ್ತಿತ್ತು. ಗೌದಿ ಅವನ್ನು ಊರುಗೋಲುಗಳೆಂದು ಬಗೆದು ಬೇಡವೆಂದನು. ಒಂದು ಸರಪಣಿಯ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಜೋಲುಬಿಟ್ಟರೆ ಅದು ತನ್ನ ಭಾರಕ್ಕೆ ತಕ್ಕ ಒಂದು ಬಾಗನ್ನು ತಾನೇ ಹುಡುಕಿಕೊಳ್ಳುತ್ತದೆಯಷ್ಟೆ. ಅಲ್ಲಿ ಪ್ರತಿಯೊಂದು ಕೊಂಡಿಯೂ ಎಳೆತದಲ್ಲಿರುತ್ತದೆ. ಅದೇ ಬಾಗನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಪ್ರತಿಯೊಂದು ಕಲ್ಲೂ ಒತ್ತಡದಲ್ಲಿ ಮಾತ್ರ ಇರುತ್ತದೆ. ಕಲ್ಲಿಗೆ ಸಹಿಸಲು ಬರುವುದೂ ಒತ್ತಡವೇ. ಕೊಲೋನಿಯಾ ಗ್ವೆಲ್ ಎಂಬ ಕಾರ್ಮಿಕರ ಗ್ರಾಮಕ್ಕಾಗಿ ಯೋಜಿಸಿದ ದೇವಾಲಯವೊಂದಕ್ಕೆ ಆತ ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಅವಕ್ಕೆ ಸೀಸದ ಗುಂಡು ತುಂಬಿದ ಚಿಕ್ಕ ಚಿಕ್ಕ ಚೀಲಗಳನ್ನು ತೂಗಹಾಕಿ, ಆ ಜೋಲುಜಾಲದ ಛಾಯಾಚಿತ್ರವನ್ನು ತಲೆಕೆಳಗು ಹಿಡಿದು ಅದರಿಂದಲೇ ಕಟ್ಟಡದ ರೂಪವನ್ನು ಪಡೆದನು. ಆ ಒಂದು ಮಾದರಿಗೆ ಹತ್ತು ವರ್ಷಗಳು ಹಿಡಿದುವು.

ಅಲ್ಲಿ ಕಲಿತುದನ್ನು ಸಗ್ರಾದಾ ಫಮೀಲಿಯಾದ ಕಂಬಗಳಿಗೆ ತಂದನು. ಅಲ್ಲಿನ ಕಂಬಗಳು ನೆಟ್ಟಗೆ ನಿಂತಿಲ್ಲ, ಭಾರ ಬರುವ ದಿಕ್ಕಿಗೆ ಓರೆಯಾಗಿ ಬಾಗಿವೆ. ಮೇಲೆ ಹೋಗುತ್ತ ಮರದಂತೆ ಕವಲೊಡೆದು ಒಂದೊಂದು ಕವಲೂ ಚಾವಣಿಯ ಒಂದೊಂದು ತುಂಡನ್ನು ಹೊರುತ್ತದೆ. ಹೊರೆಗೆ ತಕ್ಕ ಶಿಲೆ: ಹಗುರ ಹೊರೆಯ ಆರು ಕೋನದ ಕಂಬಕ್ಕೆ ಮೊಂಜುಯಿಕ್ ಗುಡ್ಡದ ಮರಳುಗಲ್ಲು, ಎಂಟು ಕೋನದುದಕ್ಕೆ ಗ್ರಾನೈಟ್, ಹತ್ತು ಕೋನದುದಕ್ಕೆ ಕರಿಯ ಬಸಾಲ್ಟ್, ನಟ್ಟನಡುವಿನ ಮಹಾಗೋಪುರದ ಭಾರವನ್ನು ಹೊರುವ ಹನ್ನೆರಡು ಕೋನದ ಕಂಬಗಳಿಗೆ ಕೆಂಪು ಪಾರ್ಫಿರಿ. ಇಡೀ ದೇವಾಲಯ ಏಳೂವರೆ ಮೀಟರಿನ ಒಂದು ಮಾನದ ಮೇಲೆ ನಿಂತಿದೆ. 90 ಮೀಟರ್ ಉದ್ದ, ನಡುಮಂಟಪ 45 ಮೀಟರ್ ಅಗಲ, ಅಡ್ಡಮಂಟಪ 60 ಮೀಟರ್. ಯೇಸುಕ್ರಿಸ್ತ ಗೋಪುರಕ್ಕೆ ನಿಗದಿಯಾದ 172.5 ಮೀಟರನ್ನೂ ಏಳೂವರೆಯಿಂದ ಭಾಗಿಸಿ ನೋಡಿದರೆ ಸರಿಯಾಗಿ ಇಪ್ಪತ್ತಮೂರು ಬರುತ್ತದೆ. ಈ ಎತ್ತರವೂ ಯದೃಚ್ಛೆಯಾಗಿ ಬಂದುದಲ್ಲ. ಪಟ್ಟಣದ ಮಗ್ಗುಲಿನ ಮೊಂಜುಯಿಕ್ ಗುಡ್ಡ ಇದಕ್ಕಿಂತ ತುಸು ಎತ್ತರ. ದೇವರು ಮಾಡಿದ ಗುಡ್ಡವನ್ನು ಮನುಷ್ಯನು ಮಾಡಿದ ಗೋಪುರ ಮೀರಬಾರದೆಂದು ಗೌದಿ ಅದರ ಕೆಳಗೇ ನಿಲ್ಲಿಸಿದನು. ಇಂದು ಲೋಕದ ಅತ್ಯುನ್ನತವೆಂದು ಕೊಂಡಾಡುತ್ತಿರುವ ಗೋಪುರವು ತನ್ನ ಊರಿನ ಗುಡ್ಡಕ್ಕೆ ತಲೆಬಾಗಿದೆಯೆಂಬುದು ನನಗೆ ಬಹು ಪ್ರಿಯವಾದ ಸಂಗತಿ.

1926ರ ಜೂನ್ 7ರ ಸಂಜೆ ಎಂದಿನಂತೆ ಹಳೆಯ ಪಟ್ಟಣದ ದೇವಾಲಯವೊಂದಕ್ಕೆ ನಡೆದು ಹೋಗುತ್ತಿದ್ದಾಗ ಗೌದಿಗೆ ಟ್ರಾಮು ಬಡಿಯಿತು. ಹಳೆಯ ಬಟ್ಟೆಯ ಆ ಮುದುಕ ಯಾರೆಂದು ಯಾರಿಗೂ ಗುರುತು ಹತ್ತಲಿಲ್ಲ; ಬಡವರನ್ನು ಸೇರಿಸುವ ಆಸ್ಪತ್ರೆಯಲ್ಲಿ ಮೂರನೆಯ ದಿನ, ಜೂನ್ 10ರಂದು, ತೀರಿಕೊಂಡನು. ತಾನು ಗಾಳಿ ಬೆಳಕುಗಳನ್ನು ತಂದ ನೆಲಮಾಳಿಗೆಯಲ್ಲಿಯೇ, ಕಾರ್ಮೆಲ್ ಮಾತೆಯ ಪೂಜಾಗೃಹದಲ್ಲಿ, ಆತನ ಸಮಾಧಿಯಿದೆ. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸರು ಆತನನ್ನು ಪೂಜ್ಯನೆಂದು ಸಾರಿದರು. ಸಂತಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು.

ಗೌದಿ ತೀರಿಕೊಂಡ ಹತ್ತು ವರ್ಷಗಳ ತರುವಾಯ ಸ್ಪೇನಿನಲ್ಲಿ ಅಂತರ್ಯುದ್ಧ ಬಂತು. 1936ರ ಜುಲೈನಲ್ಲಿ ನೆಲಮಾಳಿಗೆಗೆ ಬೆಂಕಿ ಬಿತ್ತು. ಶಿಲ್ಪಿಯ ಕಾರ್ಯಾಗಾರಕ್ಕೆ ನುಗ್ಗಿದವರು ನಕ್ಷೆಗಳನ್ನು ಸುಟ್ಟು ಗಾರೆಯ ಮಾದರಿಗಳನ್ನು ಒಡೆದುಹಾಕಿದರು. ಗೌದಿ ಕಾಗದಕ್ಕಿಂತ ಮಾದರಿಯನ್ನೇ ಹೆಚ್ಚಾಗಿ ನಂಬಿದವನಾದುದರಿಂದ, ಒಂದಕ್ಕೆ ಹತ್ತು, ಒಂದಕ್ಕೆ ಇಪ್ಪತ್ತೈದು ಎಂಬ ಪ್ರಮಾಣದಲ್ಲಿ ಮಾಡಿಸಿದ್ದ ಆ ಮಾದರಿಗಳೇ ಅವನ ಮಾತಾಗಿದ್ದುವು; ಈಗ ಮಾತೇ ಪುಡಿಯಾಯಿತು. ಯುದ್ಧ ಮುಗಿದ ಮೇಲೆ ಆತನ ಶಿಷ್ಯಪರಂಪರೆಯವರು ಚೂರುಗಳನ್ನು ಆಯ್ದು, ಒಂದಕ್ಕೊಂದು ಹೊಂದಿಸಿ, ನೆಲಮಾಳಿಗೆಯನ್ನು ಸರಿಪಡಿಸಿ, ಎಲ್ಲವನ್ನೂ ಹೊಸದಾಗಿ ಹಿಡಿದರು. ಕೆಲಸ ಮುಂದುವರಿಯಲು ಸಾಧ್ಯವಾದುದಕ್ಕೆ ಕಾರಣ ಗೌದಿಯ ರೇಖಾಗಣಿತ. ಕೈಯ ಓಟಕ್ಕೆ ಬಂದಂತೆ ಕೊರೆದ ರೂಪಗಳಾಗಿದ್ದರೆ ಅವು ಅವನೊಡನೆಯೇ ಹೋಗುತ್ತಿದ್ದುವು. ಆದರೆ ಕಡೆಗಾಲದಲ್ಲಿ ಆತ ಬಳಸಿದ ಮೇಲ್ಮೈಗಳು ಸರಳರೇಖೆಯ ಚಲನೆಯಿಂದಲೇ ಹುಟ್ಟತಕ್ಕವಾಗಿದ್ದು, ಒಂದು ಚೂರು ಸಿಕ್ಕಿದರೆ ಅದರ ಗಣಿತದಿಂದ ಉಳಿದುದನ್ನು ಕಂಡುಕೊಳ್ಳಬಹುದಾಗಿತ್ತು. ಮುಂದೆ, ವಿಮಾನಗಳ ರಚನೆಗಾಗಿ ಹುಟ್ಟಿದ ಗಣಕಯಂತ್ರದ ಸಾಧನಗಳು ಇದೇ ಗಣಿತವನ್ನು ಹಿಡಿದು ಕಲ್ಲು ಕೊರೆಯುವ ಯಂತ್ರಕ್ಕೆ ದಾರಿ ತೋರಿಸಿದುವು.

ಕೆಲಸವನ್ನು ಹೀಗೆ ಮುಂದುವರಿಸುವುದನ್ನು ಎಲ್ಲರೂ ಒಪ್ಪಲಿಲ್ಲ. 1965ರಲ್ಲಿ ಅನೇಕ ಶಿಲ್ಪಿಗಳೂ ವಿದ್ವಾಂಸರೂ, ಹಿಂದೆ ಶಾಲೆಯ ಚಿತ್ರ ಬರೆದುಕೊಂಡು ಹೋಗಿದ್ದ ಲ ಕಾರ್ಬ್ಯೂಸಿಯೇ ಅವರಲ್ಲೊಬ್ಬನಾಗಿ, ನಿರ್ಮಾಣವನ್ನು ನಿಲ್ಲಿಸಬೇಕೆಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿಕೊಂಡರು. ಒಬ್ಬ ಮಹಾಶಿಲ್ಪಿಯ ಅಪೂರ್ಣ ಕೃತಿಗೆ ಇತರರು ಕೈಹಚ್ಚುವುದು ಅಪಚಾರವೆಂಬ ಅವರ ವಾದಕ್ಕೆ ತೂಕವಿಲ್ಲವೆಂದು ನಾನು ಹೇಳಲಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಇಂದು ಯಾರಾದರೂ ಹೊಸ ಶಿಖರವನ್ನು ಕಟ್ಟಹೊರಟರೆ ನಾವೂ ಹಾಗೆಯೇ ತಡೆಯುತ್ತೇವೆ. ಆದರೆ ಹಳೇಬೀಡಿನ ಆ ಮಂಟಪದ ಕೆಳಗೆ ತನ್ನ ದೇವಾಲಯ ಎಂದು ಮುಗಿದೀತೆಂದು ಕಾಯುತ್ತ ಕುಳಿತ ಸಮಾಜವೊಂದು ಇಲ್ಲ; ಬಾರ್ಸೆಲೋನಾದಲ್ಲಿ ಇತ್ತು. ಒಬ್ಬನ ಕಲಾಕೃತಿಯೆಂದು ನೋಡಿದವರಿಗೆ ಅದು ನಿಲ್ಲಬೇಕಾದುದು. ಒಂದು ಧರ್ಮಕೇಂದ್ರದ ಮನೆಯೆಂದು ನೋಡಿದವರಿಗೆ ಮುಂದುವರಿಯಬೇಕಾದುದು. ನಾನು ಎರಡನೆಯವರ ಪಕ್ಷ. ನಂತರದವರ ಕೈಗುರುತನ್ನು ಗೌದಿಯ ಕಟ್ಟಡ ಅರಗಿಸಿಕೊಂಡಿದೆ. ಕ್ರಿಸ್ತನ ಯಾತನೆಯನ್ನು ತೋರುವ ಮುಖಭಾಗಕ್ಕೆ ಸುಬಿರಾಕ್ಸ್ ಎಂಬ ಶಿಲ್ಪಿ ಕೊಟ್ಟ ಮೂಳೆಯಂತೆ ಒರಟಾದ ವಿಗ್ರಹಗಳು ಎಲ್ಲರಿಗೂ ಹಿಡಿಸದಿದ್ದರೂ, ಯಾತನೆ ನಯವಾಗಿರಬೇಕಾಗಿಲ್ಲ. 1978ರಲ್ಲಿ ಜಪಾನಿನಿಂದ ಬಂದು ಕಲ್ಲು ಕೆತ್ತಲು ಕೆಲಸ ಕೇಳಿದ ಎತ್ಸುರೊ ಸೊತೋ ಅಲ್ಲಿಯೇ ಉಳಿದು, ಕಥೋಲಿಕನಾಗಿ, ಜಯಂತಿಯ ಮುಖಭಾಗದ ಗಂಧರ್ವಗಣದಂಥ ದೇವದೂತರನ್ನು ಬಿಡಿಸಿದನು.

2010ರ ನವೆಂಬರ್ 7ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಬಂದು ಒಳಮಂಟಪವನ್ನು ಪ್ರತಿಷ್ಠೆ ಮಾಡಿದರು. ಗೋಪುರಗಳು ಮುಗಿಯದ ದೇವಾಲಯವನ್ನು ಪ್ರತಿಷ್ಠೆ ಮಾಡುವುದೆಂತು ಎಂದು ಕೇಳಬಹುದು. ಕಥೋಲಿಕ ಸಂಪ್ರದಾಯದಲ್ಲಿ ದೇವಾಲಯವನ್ನು ದೇವಾಲಯವಾಗಿಸುವುದು ಶಿಖರವಲ್ಲ, ಬಲಿಪೀಠ. ಭಕ್ತರು ಸೇರಲು ಸ್ಥಳವೂ, ಪೂಜೆ ಸಲ್ಲಿಸಲು ನೆಲಕ್ಕೆ ಭದ್ರವಾಗಿ ಹೂಡಿದ ಶಿಲೆಯ ಪೀಠವೂ ಸಿದ್ಧವಾದ ಮೇಲೆ ಧರ್ಮಾಧ್ಯಕ್ಷರು ಪವಿತ್ರ ಜಲವನ್ನು ಜನರ ಮೇಲೂ ಗೋಡೆಗಳ ಮೇಲೂ ಚಿಮುಕಿಸಿ, ಸುಗಂಧ ಬೆರೆಸಿದ ತೈಲವನ್ನು ಪೀಠದ ಮೇಲೆ ಸುರಿದು ಅಂಗೈಯಿಂದ ಹರಡಿ, ಗೋಡೆಗಳಿಗೂ ಅದೇ ತೈಲದಿಂದ ಶಿಲುಬೆಯ ಗುರುತಿಟ್ಟು, ಧೂಪವನ್ನು ಹಾಕಿ, ಕಡೆಗೆ ದೀಪಗಳನ್ನು ಹೊತ್ತಿಸುತ್ತಾರೆ. ಚಿಕ್ಕ ಊರಿನ ಇಗರ್ಜಿಗೂ ಇದೇ ವಿಧಿ, ಲೋಕವಿಖ್ಯಾತ ದೇವಾಲಯಕ್ಕೂ ಇದೇ. ಆದುದರಿಂದ ಆ ದಿನದಿಂದ ಸಗ್ರಾದಾ ಫಮೀಲಿಯಾ ಕೆಲಸ ಬಾಕಿಯಿರುವ, ಆದರೆ ಪೂಜೆಗೆ ಪೂರ್ಣವಾದ ದೇವಾಲಯ.

ಅಲ್ಲಿಂದೀಚೆಗೆ ಕೆಲಸ ಓಡಿತು. 2021ರ ಡಿಸೆಂಬರ್ 8ರಂದು 138 ಮೀಟರಿನ ಮರಿಯಮ್ಮನವರ ಗೋಪುರದ ಮೇಲೆ ಗಾಜಿನ ನಕ್ಷತ್ರ ಬೆಳಗಿತು. 2023ರ ನವೆಂಬರ್ ಹೊತ್ತಿಗೆ ನಾಲ್ವರು ಶುಭಸಂದೇಶಕಾರರ ಗೋಪುರಗಳೂ ಮುಗಿದುವು. ಹದಿನೆಂಟು ಗೋಪುರಗಳ ಯೋಜನೆಯಲ್ಲಿ ಉಳಿದಿರುವುವು ಮುಖ್ಯವಾಗಿ ದಕ್ಷಿಣದ ಕಡೆಯ ಮಹಿಮೆಯ ಮುಖಭಾಗಕ್ಕೆ ಸೇರಿದುವು. ಈ ವೇಗಕ್ಕೆ ಕಾರಣವನ್ನು ಮುಚ್ಚಿಡಬೇಕಾಗಿಲ್ಲ: ಹಿಂದೆ ಬೇಡಿ ತರುತ್ತಿದ್ದ ಹಣ ಈಗ ಟಿಕೆಟಿನಿಂದ ಬರುತ್ತದೆ. ವರ್ಷಕ್ಕೆ 45 ಲಕ್ಷಕ್ಕೂ ಮಿಕ್ಕಿದ ಜನ ಹಣ ತೆತ್ತು ಒಳಕ್ಕೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದಿಂದ ಬಾಗಿಲು ಮುಚ್ಚಿದೊಡನೆ ಕೆಲಸವೂ ನಿಂತಿತು. ಗೌದಿಯ ನೂರನೆಯ ಪುಣ್ಯತಿಥಿಯ ವರ್ಷವಾದ 2026ಕ್ಕೆ ಎಲ್ಲವನ್ನೂ ಮುಗಿಸುವ ಸಂಕಲ್ಪವನ್ನು ಅಲ್ಲಿಗೆ ಕೈಬಿಡಬೇಕಾಯಿತು. ಟಿಕೆಟಿನ ಹಣವೂ ಕಾಣಿಕೆಯೇ ಎಂದು ನಿರ್ಮಾಣದ ಹೊಣೆ ಹೊತ್ತವರು ಹೇಳುತ್ತಾರೆ. ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಕೊಟ್ಟವನು ಪ್ರತಿಯಾಗಿ ಏನನ್ನೂ ಪಡೆಯದಿದ್ದರೆ ಅದು ಕಾಣಿಕೆ. ಬೊಕಾಬೆಲ್ಯಾನ ಪತ್ರಿಕೆಯ ಓದುಗ ಕಾಸು ಕಳುಹಿಸಿದಾಗ ದೇವಾಲಯವನ್ನು ಕಣ್ಣಾರೆ ನೋಡುವ ಭರವಸೆಯೂ ಅವನಿಗಿರಲಿಲ್ಲ.

ಹಣ ಹೊಳೆಯಾಗಿ ಬಂದುದರಿಂದ ಒಂದು ಹಳೆಯ ಲೋಪವನ್ನೂ ತಿದ್ದಲಾಯಿತು. 1885ರಲ್ಲಿ ಸಾಂತ್ ಮಾರ್ತಿಯ ಪುರಸಭೆಗೆ ಪರವಾನಿಗೆಗಾಗಿ ಅರ್ಜಿ ಹೋಗಿತ್ತು. ಆ ಊರು 1897ರಲ್ಲಿ ಬಾರ್ಸೆಲೋನಾದೊಳಕ್ಕೆ ಸೇರಿಹೋಯಿತು. ಆಮೇಲೆ ನೂರಕ್ಕೂ ಮಿಕ್ಕಿದ ವರ್ಷ ದೇವಾಲಯ ಊರ್ಜಿತವಾದ ಪರವಾನಿಗೆಯಿಲ್ಲದೆಯೆ ಬೆಳೆಯಿತು. 2018ರಲ್ಲಿ ಪುರಸಭೆಯೊಡನೆ ಒಪ್ಪಂದವಾಗಿ, ನೆರೆಹೊರೆಯ ಬೀದಿಗಳ ಮತ್ತು ಸಾರಿಗೆಯ ಸುಧಾರಣೆಗೆಂದು ಹತ್ತು ವರ್ಷಗಳಲ್ಲಿ 3.6 ಕೋಟಿ ಯೂರೋ ಕೊಡಲು ಒಪ್ಪಿ, ಮರುವರ್ಷ ಪರವಾನಿಗೆಯನ್ನು ಪಡೆದರು. ಇದು ನೆರೆಯವರಿಗೆ ಸಲ್ಲಬೇಕಾಗಿದ್ದ ಋಣ, ಸಂದಿತು.

ಸಲ್ಲದ ಋಣವೊಂದು ಇನ್ನೂ ಇದೆ. ಮಹಿಮೆಯ ಮುಖಭಾಗವೇ ದೇವಾಲಯದ ಪ್ರಧಾನ ದ್ವಾರ. ಅದು ನೋಡುವುದು ಮಯೋರ್ಕಾ ಎಂಬ ಬೀದಿಯ ಕಡೆಗೆ. ಕೆಳಗೆ ಮಾಳಿಗೆಯಿರುವ ಕಾರಣದಿಂದ ದೇವಾಲಯದ ನೆಲ ಬೀದಿಯ ಮಟ್ಟಕ್ಕಿಂತ ಹಲವು ಅಡಿ ಮೇಲಿದೆ. ಮುಂಬಾಗಿಲಿನಿಂದ ಒಳಕ್ಕೆ ಹೋಗಬೇಕಾದರೆ ಬೀದಿಯನ್ನು ದಾಟಿ ಹಾಸುವ ಒಂದು ಮಹಾಸೋಪಾನ ಬೇಕೆಂದೂ, ಅದು ಇಳಿಯಬೇಕಾದ ಎದುರಿನ ನೆಲ ಬಯಲಾಗಬೇಕೆಂದೂ ನಿರ್ಮಾಣ ಮಂಡಲಿಯ ಅಭಿಪ್ರಾಯ. ಆ ನೆಲದಲ್ಲಿ ಈಗ ಜನ ವಾಸವಾಗಿರುವ ಮನೆಗಳಿವೆ. ಗೌದಿ 1916ರಲ್ಲಿ ದೇವಾಲಯದ ಸುತ್ತ ನಕ್ಷತ್ರಾಕಾರದ ಬಯಲೊಂದನ್ನು ಸೂಚಿಸಿ ಪುರಸಭೆಗೆ ನಕ್ಷೆ ಕೊಟ್ಟದ್ದು ನಿಜ; ಆಗ ಸುತ್ತಲೂ ಕಟ್ಟಡಗಳು ವಿರಳವಾಗಿದ್ದುವೆಂಬುದೂ ನಿಜ. ಸೋಪಾನ ಗೌದಿಯ ಕಲ್ಪನೆಯೇ ಎಂದು ಒಂದು ಪಕ್ಷ. ಅಲ್ಲವೆಂದೂ, ತಮ್ಮ ಮನೆಗಳು ಕಾಯಿದೆಗೊಪ್ಪಿ ಎದ್ದುವೆಂದೂ ಆ ಮನೆಗಳವರ ಪಕ್ಷ. ಮೇಲೆ ಹೇಳಿದಂತೆ ದೇವಾಲಯ ಹೊಲದ ನಡುವೆ ಹುಟ್ಟಿತು, ಪಟ್ಟಣ ಆಮೇಲೆ ಬಂದಿತು. ಹಾಗೆಂದು ಆಮೇಲೆ ಬಂದವರು ಎದ್ದುಹೋಗಬೇಕಾಗುವುದಿಲ್ಲ.

ಈ ವಿಷಯದಲ್ಲಿ ನನ್ನ ಮನಸ್ಸು ಖಚಿತವಾಗಿದೆ. ನಸರೇತಿನ ಒಂದು ಸಂಸಾರದ ಹೆಸರನ್ನು ಹೊತ್ತು, ಹೆರಿಗೆಯ ಹೊತ್ತಿಗೆ ತಂಗಲು ಎಡೆ ಸಿಕ್ಕದೆ ಹೋದ ದಂಪತಿಗಳ ಕಥೆಯನ್ನು ತನ್ನ ಪೂರ್ವದ ಮುಖದಲ್ಲಿ ಕಲ್ಲಿನಲ್ಲಿ ಬಿಡಿಸಿ, ಬಡಮಕ್ಕಳ ಶಾಲೆಗೆ ತನ್ನ ಮುಂಬಾಗಿಲ ನೆಲವನ್ನೇ ಬಿಟ್ಟುಕೊಟ್ಟ ದೇವಾಲಯ, ಒಂದು ಸೋಪಾನಕ್ಕಾಗಿ ಸಂಸಾರಗಳನ್ನು ಮನೆಗಳಿಂದ ಎಬ್ಬಿಸಬಾರದು. ಸೋಪಾನವನ್ನು ಕಿರಿದು ಮಾಡಬಹುದು, ಮಗ್ಗುಲಿಗೆ ತಿರುಗಿಸಬಹುದು, ಬೀದಿಯ ಈಚೆಗೇ ನಿಲ್ಲಿಸಬಹುದು. ಸರಪಣಿಯನ್ನು ತೂಗಿಬಿಟ್ಟು ಕಲ್ಲಿಗೆ ಬಾಗುವುದನ್ನು ಕಲಿಸಿದವನ ಪರಂಪರೆಯವರಿಗೆ ಇದು ಅಸಾಧ್ಯವಾಗಲಾರದು. ಮನೆಗಳು ಬೇಡವಾಗಿ ಅಲ್ಲಿನವರೇ ಒಪ್ಪಿ ಹೊರಡುವ ಕಾಲ ಬಂದರೆ ಆಗ ನೋಡಬಹುದು. ನೂರ ನಲವತ್ತು ವರ್ಷಕ್ಕೂ ಮಿಕ್ಕಿ ಕಾದ ಧರ್ಮಕೇಂದ್ರ ಇನ್ನೂ ಕೆಲವು ಕಾಲ ಮಗ್ಗುಲ ಬಾಗಿಲಿನಿಂದ ಓಡಾಡೀತು; ಅದಕ್ಕೆ ಅಭ್ಯಾಸವಾಗಿದೆ.

ಆ ಪ್ರಧಾನ ದ್ವಾರದ ಕಂಚಿನ ಕದವನ್ನು ಸುಬಿರಾಕ್ಸ್ ಆಗಲೇ ಎರಕ ಹೊಯ್ಯಿಸಿ ನಿಲ್ಲಿಸಿದ್ದಾನೆ. ಅದರ ಮೇಲೆ ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಕತಲಾನ್ ಭಾಷೆಯಲ್ಲಿ ಆದ್ಯಂತವಾಗಿ ಉಬ್ಬಿ ನಿಂತಿದೆ. ಅದರ ಸುತ್ತ, ಅನುದಿನದ ಅನ್ನವನ್ನು ಬೇಡುವ ಮಾತು ಲೋಕದ ಹಲವಾರು ಭಾಷೆಗಳಲ್ಲಿದೆ. ಕದವನ್ನೆಳೆಯಲು ಬೇರೆ ಹಿಡಿಯಿಲ್ಲ. ಪ್ರಾರ್ಥನೆಯ ಒಂದು ಪದದ ಎರಡು ಅಕ್ಷರಗಳೇ ಹಿಡಿಯಾಗಿ ಮುಂಚಾಚಿವೆ. ಅವು ಅಂತೋನಿ ಗೌದಿಯ ಹೆಸರಿನ ಮೊದಲಕ್ಷರಗಳೂ ಹೌದು. ಪದವಾದರೋ, ಶೋಧನೆಯೊಳಗೆ ಬೀಳಗೊಡಬೇಡವೆಂದು ಬೇಡುವ ಸಾಲಿನಲ್ಲಿ ಬೀಳುವುದೆಂಬ ಅರ್ಥವುಳ್ಳದ್ದು. ಮುಂದೊಂದು ದಿನ ಆ ಬಾಗಿಲನ್ನು ಬೀದಿಯ ಕಡೆಗೆ ತೆರೆಯುವವನ ಕೈ ಆ ಪದದ ಮೇಲೆ ಇರುತ್ತದೆ. ಎದುರಿಗೆ, ಬೀದಿಯ ಆಚೆ, ಆ ಮನೆಗಳ ಮೊಗಸಾಲೆಗಳಿರುತ್ತವೆ.